ಬೀಳುವ ಹಲ್ಲಿಗೆ ಚಿಕಿತ್ಸೆ ಬೇಕೇ?

"ಹೇಗೂ ಬಿದ್ದುಹೋಗುವ ಹಲ್ಲು. ಅದಕ್ಕೆ ಯಾಕೆ ದುಡ್ಡು ಸುರಿಯಬೇಕು?"

ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಒಂದಲ್ಲ ಒಂದು ದಿನ ಬರುತ್ತದೆ. ಮಗುವಿನ ದವಡೆ ಹಲ್ಲಿನಲ್ಲಿ ಕಪ್ಪು ತೂತು ಕಾಣಿಸಿರುತ್ತದೆ. ಹಾಲುಹಲ್ಲು ತಾನೇ, ಹೊಸದು ಬರುತ್ತದೆ ಬಿಡಿ ಎನ್ನುತ್ತಾರೆ ಅಜ್ಜಿ. ಫಿಲ್ಲಿಂಗ್ ಮಾಡಬೇಕು ಇಲ್ಲವೇ ಕ್ಯಾಪ್ ಹಾಕಬೇಕು ಎನ್ನುತ್ತಾರೆ ದಂತವೈದ್ಯರು. ಅಷ್ಟು ಸಣ್ಣ ಮಗುವಿಗೆ ಇಂಜೆಕ್ಷನ್ ಚುಚ್ಚಿಸುವುದು ಬೇಕಾ ಎಂದು ಗಲ್ಫ್‌ನಿಂದ ಅಪ್ಪ ಫೋನಿನಲ್ಲಿ ಕೇಳುತ್ತಾರೆ. ಕೊನೆಗೆ ತಾಯಿಯ ಜೊತೆ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮನೆಯವರಿಗೆ ಬಿಡಿಸಿ ಹೇಳುವ ಕೆಲಸ ಪಿಯುಸಿ ಓದುತ್ತಿರುವ ಅಣ್ಣನಿಗೋ ಅಕ್ಕನಿಗೋ ಬೀಳುತ್ತದೆ. ಈ ಲೇಖನ ಮುಖ್ಯವಾಗಿ ಆ ಅಣ್ಣ-ಅಕ್ಕಂದಿರಿಗೆ. ಮನೆಯಲ್ಲಿ ಪುಟ್ಟ ಮಕ್ಕಳಿರುವ ನಮ್ಮ ಉಪನ್ಯಾಸಕರಿಗೆ, ಸಿಬ್ಬಂದಿಗೂ ಉಪಯೋಗವಾದೀತು.

ಮೊದಲೇ ಹೇಳಿಬಿಡುತ್ತೇನೆ, ಅಜ್ಜಿಯ ಮಾತು ಪೂರ್ತಿ ತಪ್ಪಲ್ಲ. ಹುಳುಕಾದ ಕೆಲವು ಹಾಲುಹಲ್ಲುಗಳನ್ನು ಕೊರೆಯದೆ, ಕೀಳದೆ ಬಿಡಬಹುದು. ಆದರೆ ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸಲು "ಹಾಲುಹಲ್ಲು" ಎಂಬ ಒಂದು ಕಾರಣ ಸಾಲದು. ಬಾಯಲ್ಲಿರುವ ಯಾವ ಹಲ್ಲು ಅದು, ಬೀಳಲು ಇನ್ನೆಷ್ಟು ವರ್ಷ ಇದೆ, ಹುಳುಕು ಎಷ್ಟು ಆಳಕ್ಕೆ ಇಳಿದಿದೆ, ಅದು ಇನ್ನೂ ಹರಡುತ್ತಿದೆಯೇ ಅಥವಾ ನಿಂತುಹೋಗಿದೆಯೇ ಎಂಬುದನ್ನೆಲ್ಲ ನೋಡಬೇಕು. ಇವಕ್ಕೆ ಉತ್ತರ ಸಿಕ್ಕರೆ ತೀರ್ಮಾನ ಬಹಳ ಮಟ್ಟಿಗೆ ತಾನಾಗಿಯೇ ಆಗುತ್ತದೆ.

ಹುಳವಿಲ್ಲದ ಹುಳುಕು

ನಮ್ಮ ಭಾಷೆಯಲ್ಲಿ ಈ ರೋಗದ ಹೆಸರಿನಲ್ಲೇ ಹುಳ ಕೂತಿದೆ. ಹುಳುಕು ಹಲ್ಲು, ಹಲ್ಲಿಗೆ ಹುಳ ಹಿಡಿಯಿತು ಎನ್ನುತ್ತೇವೆ. ಹೊಗೆ ಹಾಕಿ ಹುಳ ತೆಗೆಯುತ್ತೇವೆ ಎನ್ನುವವರು ಈಗಲೂ ಅಲ್ಲಲ್ಲಿ ಇದ್ದಾರೆ. ಇದು ನಮ್ಮ ಊರಿನ ನಂಬಿಕೆ ಮಾತ್ರವಲ್ಲ. ಯುರೋಪಿನಲ್ಲೂ ಹಿಂದೆ ಹೆನ್‌ಬೇನ್ ಎಂಬ ಗಿಡದ ಬೀಜ ಸುಟ್ಟು ಬಾಯಿಗೆ ಹೊಗೆ ಕೊಡುತ್ತಿದ್ದರು. ಬಿಸಿಗೆ ಬೀಜ ಒಡೆದು ಹೊರಬಂದ ಅದರ ಭ್ರೂಣ ಪುಟ್ಟ ಬಿಳಿ ಹುಳದಂತೆ ಕಾಣುತ್ತಿತ್ತು. ರೋಗಿಗೆ ಅದನ್ನೇ ತೋರಿಸುತ್ತಿದ್ದರು. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲೇ ಹುಳದ ಕಥೆಯನ್ನು ಒಪ್ಪಲಿಲ್ಲ. ನಿಜವಾದ ಕಾರಣವನ್ನು 1890ರಲ್ಲಿ ಬರ್ಲಿನ್‌ನಲ್ಲಿದ್ದ ವಿಲ್ಲೋಬಿ ಮಿಲ್ಲರ್ ವಿವರಿಸಿದರು. ಬಾಯಿಯ ಬ್ಯಾಕ್ಟೀರಿಯಗಳು ಆಹಾರದ ಸಕ್ಕರೆ, ಪಿಷ್ಟವನ್ನು ಹುದುಗಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂಬುದು ಅವರ ವಿವರಣೆ.

ಉಳಿದದ್ದು ನಿಮಗೆ ಗೊತ್ತಿರುವ ರಸಾಯನಶಾಸ್ತ್ರವೇ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲು ಸವೆಯಲು ತೊಡಗುತ್ತದೆ ಎಂಬ ವಾಕ್ಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಆಮ್ಲ-ಪ್ರತ್ಯಾಮ್ಲಗಳ ಪಾಠದಲ್ಲಿ ಬಂದಿತ್ತು. ಎನಾಮೆಲ್ ಎಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಪಿಎಚ್ ಇಳಿದು ಹರಳಿನಿಂದ ಖನಿಜ ಹೊರಗೆ ಹೋಗುತ್ತದೆ. ಮುಂದಿನ ಅರ್ಧ-ಮುಕ್ಕಾಲು ಗಂಟೆಯಲ್ಲಿ ಜೊಲ್ಲು ಆಮ್ಲವನ್ನು ತಟಸ್ಥಗೊಳಿಸಿ ಸ್ವಲ್ಪ ಖನಿಜವನ್ನು ಹಿಂದಕ್ಕೆ ಕೊಡುತ್ತದೆ. ಈ ಕೊಡು-ಕೊಳ್ಳುವಿಕೆ ನಮ್ಮೆಲ್ಲರ ಬಾಯಲ್ಲಿ ದಿನವಿಡೀ ನಡೆಯುತ್ತಲೇ ಇರುತ್ತದೆ. ನಷ್ಟವೇ ಹೆಚ್ಚಾದಾಗ ಮೊದಲು ವಸಡಿನ ಅಂಚಿನಲ್ಲಿ ಸುಣ್ಣದಂತೆ ಬಿಳಿ ಗೆರೆ ಕಾಣುತ್ತದೆ. ಆಮೇಲೆ ಮೇಲ್ಮೈ ಕುಸಿದು ತೂತಾಗುತ್ತದೆ.

ಈ ರಸಾಯನಶಾಸ್ತ್ರ ಯಾಕೆ ಮುಖ್ಯವೆಂದರೆ, ಹುಳುಕು ಎಂಬುದು ಒಮ್ಮೆ ಆದರೆ ಮುಗಿಯಿತು ಎನ್ನುವಂಥದ್ದಲ್ಲ. ಲೆಕ್ಕ ತಿರುಗಿದರೆ ಅದು ನಿಲ್ಲುತ್ತದೆ. ಬಿಳಿ ಗೆರೆಯ ಹಂತದಲ್ಲಿ ವಾಸಿಯೂ ಆಗಬಹುದು. ತೂತಾದ ಮೇಲೆ ಹಲ್ಲು ಮತ್ತೆ ಬೆಳೆಯುವುದಿಲ್ಲ, ಆದರೆ ತೂತಿನ ತಳ ಗಟ್ಟಿಯಾಗಿ, ಕಪ್ಪಾಗಿ, ಹೊಳಪು ಬಂದು ಅಲ್ಲಿಗೇ ನಿಂತಿರುವುದನ್ನು ದಂತವೈದ್ಯರು ದಿನವೂ ನೋಡುತ್ತಾರೆ. ಹರಡುತ್ತಿರುವ ಹುಳುಕು ಹಳದಿ ಇಲ್ಲವೇ ತಿಳಿಕಂದು ಬಣ್ಣದಲ್ಲಿ, ಮೆತ್ತಗೆ ಇರುತ್ತದೆ. ಹೀಗಾಗಿ ಕಪ್ಪು ಕಂಡ ಕೂಡಲೇ ಹೆದರುವುದೂ, ತಿಳಿಬಣ್ಣ ನೋಡಿ ಇನ್ನೂ ಶುರು ಅಷ್ಟೇ ಎಂದು ಸಮಾಧಾನ ಪಡುವುದೂ ಎರಡೂ ಸರಿಯಲ್ಲ. ಇದನ್ನು ಓದಿ ಮನೆಯಲ್ಲಿ ಪಿನ್ನಿನಿಂದ ಚುಚ್ಚಿ ನೋಡಲು ಹೋಗಬೇಡಿ, ಅದು ದಂತವೈದ್ಯರ ಕೆಲಸ.

ಹಲ್ಲಿನ ಕ್ಯಾಲೆಂಡರ್

ಹಾಲುಹಲ್ಲು ಒಟ್ಟು 20. ಸುಮಾರು ಆರು ತಿಂಗಳಿಗೆ ಮೊದಲನೆಯದು ಮೂಡಿ, ಎರಡೂವರೆ-ಮೂರು ವರ್ಷಕ್ಕೆ ಎಲ್ಲವೂ ಬಂದಿರುತ್ತವೆ. ಆದರೆ ಬೀಳುವುದು ಒಟ್ಟಿಗೆ ಅಲ್ಲ. ಮುಂದಿನ ಬಾಚಿಹಲ್ಲುಗಳು ಆರರಿಂದ ಎಂಟು ವರ್ಷದೊಳಗೆ ಬೀಳುತ್ತವೆ. ಕೋರೆಹಲ್ಲು ಮತ್ತು ಎರಡು ದವಡೆ ಹಲ್ಲುಗಳು ಬೀಳುವುದು ಒಂಬತ್ತರಿಂದ ಹನ್ನೆರಡು ವರ್ಷದ ನಡುವೆ. ಎಲ್ಲಕ್ಕಿಂತ ಹಿಂದಿರುವ ಎರಡನೇ ದವಡೆ ಹಲ್ಲು ಸಾಮಾನ್ಯವಾಗಿ ಹತ್ತು ದಾಟಿದ ಮೇಲೆಯೇ ಅಲುಗಾಡುತ್ತದೆ.

"ಹೇಗೂ ಬೀಳುತ್ತದೆ" ಎಂಬ ಮಾತು ಎಡವುವುದು ಇಲ್ಲಿ. ಏಳು ವರ್ಷದ ಹುಡುಗನ ಅಲುಗಾಡುತ್ತಿರುವ ಮುಂದಿನ ಹಲ್ಲಿನಲ್ಲಿ ಹುಳುಕಿದ್ದರೆ ಅಜ್ಜಿಯ ಮಾತೇ ಸರಿ, ಇನ್ನು ಕೆಲವು ವಾರಗಳ ವಿಷಯ. ಎಲ್‌ಕೆಜಿಗೆ ಹೋಗುವ ನಾಲ್ಕು ವರ್ಷದ ಹುಡುಗಿಯ ಹಿಂದಿನ ದವಡೆ ಹಲ್ಲು ಹುಳುಕಾಗಿದ್ದರೆ, ಆ ಹಲ್ಲು ಅವಳು ಐದನೆಯದೋ ಆರನೆಯದೋ ತರಗತಿಗೆ ಬರುವವರೆಗೂ ಅನ್ನ ಅಗಿಯಬೇಕು. ಆರೇಳು ವರ್ಷ ಬಹಳ ದೊಡ್ಡ ಅವಧಿ. ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದಕ್ಕಿಂತ ತೆಳು, ಒಳಗಿನ ನರದ ಕೋಣೆ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಆದ್ದರಿಂದ ಮೇಲಿನ ತೂತಿನಿಂದ ನರದವರೆಗಿನ ದಾರಿ ಮಕ್ಕಳಲ್ಲಿ ಚಿಕ್ಕದು.

ನರ ಮುಟ್ಟಿದ ಮೇಲೆ ಏನಾಗುತ್ತದೆ? ಮಗು ಯಾವಾಗಲೂ ಅಳುತ್ತದೆ ಎಂದೇನಿಲ್ಲ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಹಲ್ಲುನೋವು ಎಂದು ಹೇಳಲು ತಿಳಿಯುವುದಿಲ್ಲ. ಒಂದೇ ಬದಿಯಲ್ಲಿ ಅಗಿಯುವುದು, ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂರುವುದು, ರೊಟ್ಟಿ-ಮಾಂಸ ಬೇಡ ಎಂದು ಗಂಜಿಯನ್ನಷ್ಟೇ ಕೇಳುವುದು, ರಾತ್ರಿ ಎದ್ದು ಕಾರಣವಿಲ್ಲದೆ ಕಿರಿಕಿರಿ ಮಾಡುವುದು ಇವೆಲ್ಲ ಹಲ್ಲುನೋವಿನ ಲಕ್ಷಣಗಳಾಗಿರಬಹುದು. ನಾವು ಅದನ್ನು ಹಠ ಎಂದುಕೊಂಡು ಗದರಿಸುತ್ತೇವೆ. ಸೋಂಕು ಬೇರಿನ ಬುಡಕ್ಕೆ ಇಳಿದರೆ ವಸಡಿನ ಮೇಲೆ ಕೀವಿನ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದಾಗ ನೋವು ಕಡಿಮೆಯಾಗುವುದರಿಂದ ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಸೋಂಕು ಅಲ್ಲೇ ಇರುತ್ತದೆ. ಹಾಲು ದವಡೆ ಹಲ್ಲಿನ ಬೇರುಗಳ ನಡುವೆಯೇ ಮುಂದೆ ಬರಬೇಕಾದ ಶಾಶ್ವತ ಹಲ್ಲಿನ ಮೊಗ್ಗು ಬೆಳೆಯುತ್ತಿರುತ್ತದೆ. ಸೋಂಕು ಬಹಳ ದಿನ ಉಳಿದರೆ ಆ ಮೊಗ್ಗಿನ ಎನಾಮೆಲ್ ಕೆಡಬಹುದು, ಹೊಸ ಹಲ್ಲು ಹುಟ್ಟುವಾಗಲೇ ಕಲೆ, ಕುಳಿಗಳೊಂದಿಗೆ ಬರಬಹುದು. ಇದಕ್ಕೆ ಟರ್ನರ್ ಹಲ್ಲು ಎಂಬ ಹೆಸರೇ ಇದೆ.

ಹಾಗಾದರೆ ಕೀಳಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ಮುಂದಿನ ಹಲ್ಲಾದರೆ ದೊಡ್ಡ ನಷ್ಟವಿಲ್ಲ, ಚೆಂದದ ಪ್ರಶ್ನೆ ಮಾತ್ರ. ದವಡೆ ಹಲ್ಲಿಗೆ ಅಗಿಯುವುದರ ಜೊತೆಗೆ ಇನ್ನೊಂದು ಕೆಲಸವಿದೆ, ಅದು ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟಂತೆ ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದಿಡುತ್ತದೆ. ಐದನೇ ವಯಸ್ಸಿಗೆ ಎರಡನೇ ದವಡೆ ಹಲ್ಲನ್ನು ಕಿತ್ತರೆ, ಆರನೇ ವಯಸ್ಸಿಗೆ ಹಿಂದೆ ಹುಟ್ಟುವ ಶಾಶ್ವತ ಹಲ್ಲು ಖಾಲಿ ಜಾಗಕ್ಕೆ ಸರಿದು ಬರುತ್ತದೆ. ಹತ್ತು-ಹನ್ನೊಂದಕ್ಕೆ ನಿಜವಾದ ಹಕ್ಕುದಾರ ಹಲ್ಲು ಬಂದಾಗ ಅದಕ್ಕೆ ಜಾಗವಿರುವುದಿಲ್ಲ, ಅಡ್ಡ ಬರುತ್ತದೆ ಅಥವಾ ಮೂಳೆಯಲ್ಲೇ ಉಳಿಯುತ್ತದೆ. ಕೀಳಲೇಬೇಕಾದಾಗ ಆ ಜಾಗ ಕಾಯಲು ಸ್ಪೇಸ್ ಮೇಂಟೇನರ್ ಎಂಬ ಸಣ್ಣ ತಂತಿಯ ಸಾಧನ ಕೂರಿಸುತ್ತಾರೆ. ಕೀಳಿಸಿದ ದಿನವೇ ಈ ಬಗ್ಗೆ ಕೇಳಿ.

ಇನ್ನೊಂದು ವಿಷಯವನ್ನು ಇಲ್ಲೇ ಒತ್ತಿ ಹೇಳಬೇಕು. ಆರು ವರ್ಷದ ಹೊತ್ತಿಗೆ ಬರುವ ಆ ಮೊದಲ ಶಾಶ್ವತ ದವಡೆ ಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸಿ ಬರುವುದಿಲ್ಲ. ಸಾಲಿನ ತುದಿಯಲ್ಲಿ, ಸದ್ದಿಲ್ಲದೆ ಹುಟ್ಟುತ್ತದೆ. ಹಲ್ಲು ಬಿದ್ದೇ ಇಲ್ಲವಲ್ಲ ಎಂದು ಮನೆಯವರು ಅದನ್ನೂ ಹಾಲುಹಲ್ಲಿನ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ಹುಳುಕಾದಾಗ "ಬಿದ್ದು ಹೊಸದು ಬರುತ್ತದೆ" ಎಂದು ಕಾಯುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ. ಪರೀಕ್ಷಿಸುವುದು ಸುಲಭ. ಮಗುವಿನ ಬಾಯಿ ತೆರೆಸಿ, ಮುಂದಿನ ನಡುಗೆರೆಯಿಂದ ಒಂದು ಬದಿಗೆ ಎಣಿಸಿ. ಹಾಲುಹಲ್ಲು ಪ್ರತಿ ಬದಿಯಲ್ಲಿ ಐದೇ ಇರುತ್ತವೆ: ಎರಡು ಬಾಚಿಹಲ್ಲು, ಒಂದು ಕೋರೆ, ಎರಡು ದವಡೆ. ಆರನೆಯದು ಕಂಡರೆ ಅದು ಜೀವನಪೂರ್ತಿ ಬಾಳಬೇಕಾದ ಹಲ್ಲು. ಇಂದು ಸಂಜೆಯೇ ನಿಮ್ಮ ತಮ್ಮನ ಬಾಯಲ್ಲಿ ಎಣಿಸಿ ನೋಡಬಹುದು.

ಕೊರೆಯುವುದೊಂದೇ ದಾರಿಯಲ್ಲ

ಚಿಕಿತ್ಸೆ ಎಂದರೆ ಇಂಜೆಕ್ಷನ್, ಕೊರೆಯುವ ಯಂತ್ರ, ಮಗುವಿನ ಅಳು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಆ ಭಯದಿಂದಲೇ ಎಷ್ಟೋ ಮನೆಗಳಲ್ಲಿ ತೀರ್ಮಾನ ಮುಂದಕ್ಕೆ ಹೋಗುತ್ತದೆ. ಕಳೆದ ಎರಡು ದಶಕಗಳಲ್ಲಿ ಈ ಚಿತ್ರ ಸಾಕಷ್ಟು ಬದಲಾಗಿದೆ.

ಮೊದಲನೆಯದು ಸಿಲ್ವರ್ ಡೈಅಮೈನ್ ಫ್ಲೋರೈಡ್. ಶೇ. 38ರ ಸಾಂದ್ರತೆಯ ಒಂದು ಹನಿ ದ್ರಾವಣವನ್ನು ತೂತಿನ ಮೇಲೆ ಪುಟ್ಟ ಬ್ರಷ್ಷಿನಿಂದ ಹಚ್ಚುತ್ತಾರೆ, ಕೆಲಸ ಒಂದೆರಡು ನಿಮಿಷದ್ದು. ಬೆಳ್ಳಿ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಭಾಗವನ್ನು ಗಟ್ಟಿ ಮಾಡುತ್ತದೆ. ಹಾಲುಹಲ್ಲಿನ ಹುಳುಕುಗಳಲ್ಲಿ ಸುಮಾರು ಶೇ. 80ರಷ್ಟು ಇದರಿಂದ ನಿಲ್ಲುತ್ತವೆ ಎಂದು ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿದರೆ ಫಲ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದು ತೊಂದರೆ ಇದೆ: ಹುಳುಕಿದ ಜಾಗ ಶಾಯಿಯಂತೆ ಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಹಿಂದಿನ ಹಲ್ಲಾದರೆ ಯಾರೂ ನೋಡುವುದಿಲ್ಲ. ಮುಂದಿನ ಹಲ್ಲಿಗೆ ಹಚ್ಚಿಸುವ ಮೊದಲು ಮನೆಯವರೊಡನೆ ಮಾತಾಡಿಕೊಳ್ಳಿ, ಆಮೇಲೆ ಮದುವೆ ಮನೆಯ ಫೋಟೋ ನೋಡಿ ಬೇಸರಿಸುವುದು ಬೇಡ. ನೋವು ಶುರುವಾಗಿದ್ದರೆ, ನರ ತೆರೆದುಕೊಂಡಿದ್ದರೆ ಇದು ಕೆಲಸಕ್ಕೆ ಬರುವುದಿಲ್ಲ. ಬೆಳ್ಳಿಯ ಅಲರ್ಜಿ ಇದ್ದವರಿಗೂ ಬೇಡ.

ಎರಡನೆಯದು ನನಗೆ ಬಹಳ ಇಷ್ಟವಾದ ಕಥೆ. ಸ್ಕಾಟ್ಲೆಂಡಿನಲ್ಲಿ ನಾರ್ನಾ ಹಾಲ್ ಎಂಬ ದಂತವೈದ್ಯೆ ಇದ್ದರು. ಹಾಲು ದವಡೆ ಹಲ್ಲಿನ ಹುಳುಕನ್ನು ತೆಗೆಯದೆ, ಇಂಜೆಕ್ಷನ್ ಕೊಡದೆ, ಹಲ್ಲಿನ ಮೇಲೆ ಉಕ್ಕಿನ ಸಿದ್ಧ ಕ್ಯಾಪನ್ನು ಸಿಮೆಂಟಿನೊಂದಿಗೆ ಒತ್ತಿ ಕೂರಿಸಿಬಿಡುತ್ತಿದ್ದರು. ಹುಳುಕನ್ನು ಒಳಗೇ ಬಿಡುವುದೆಂದರೆ ದಂತಶಾಸ್ತ್ರದಲ್ಲಿ ಕಲಿಸಿದ್ದಕ್ಕೆ ಪೂರ್ತಿ ವಿರುದ್ಧ. ಆದರೆ ಸಕ್ಕರೆ ತಲುಪದಂತೆ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಕ್ಕೆ ಆಹಾರವೇ ಇಲ್ಲ, ಅವು ಆಮ್ಲ ಮಾಡುವುದೂ ನಿಲ್ಲುತ್ತದೆ. ಇದನ್ನು ಸ್ಕಾಟ್ಲೆಂಡಿನಲ್ಲಿ 132 ಮಕ್ಕಳ ಮೇಲೆ ಪರೀಕ್ಷಿಸಿದರು. ಒಂದೇ ಮಗುವಿನ ಬಾಯಲ್ಲಿ ಒಂದು ಹಲ್ಲಿಗೆ ಈ ಕ್ಯಾಪ್, ಇನ್ನೊಂದಕ್ಕೆ ಮಾಮೂಲಿ ಫಿಲ್ಲಿಂಗ್. ಐದು ವರ್ಷಗಳ ನಂತರ ನೋಡಿದಾಗ ನೋವು, ಕೀವಿನಂತಹ ದೊಡ್ಡ ತೊಂದರೆ ಕ್ಯಾಪ್ ಹಾಕಿದ ಹಲ್ಲುಗಳಲ್ಲಿ ಶೇ. 3ರಷ್ಟು, ಫಿಲ್ಲಿಂಗ್ ಮಾಡಿದವುಗಳಲ್ಲಿ ಶೇ. 16.5ರಷ್ಟು. ಈಗ ಇದಕ್ಕೆ ಹಾಲ್ ವಿಧಾನ ಎಂದೇ ಹೆಸರು. ಕ್ಯಾಪ್ ಬೆಳ್ಳಿ ಬಣ್ಣದ್ದು. ಮೊದಲ ಕೆಲವು ದಿನ ಹಲ್ಲು ಕಚ್ಚುವಾಗ ಎತ್ತರ ಅನಿಸುತ್ತದೆ, ತಾನಾಗಿ ಸರಿಹೋಗುತ್ತದೆ. ಹಾಲುಹಲ್ಲು ಬೀಳುವಾಗ ಕ್ಯಾಪೂ ಅದರೊಂದಿಗೇ ಬೀಳುತ್ತದೆ.

ಸಣ್ಣ ತೂತಿಗೆ ಗ್ಲಾಸ್ ಅಯನೋಮರ್ ಎಂಬ ಸಿಮೆಂಟ್ ತುಂಬುವುದುಂಟು. ಮೆತ್ತಗಾದ ಭಾಗವನ್ನು ಕೈ ಉಪಕರಣದಿಂದಲೇ ಕೆರೆದು ತೆಗೆದು ತುಂಬಬಹುದು, ಕರೆಂಟು ಬೇಡ, ಯಂತ್ರ ಬೇಡ. ನರಕ್ಕೆ ಸೋಂಕು ತಗುಲಿದ್ದರೆ ಈ ಸುಲಭದ ದಾರಿಗಳು ಮುಚ್ಚುತ್ತವೆ. ಆಗ ನರದ ಮೇಲ್ಭಾಗವನ್ನೋ ಪೂರ್ತಿ ನರವನ್ನೋ ತೆಗೆದು ಔಷಧ ತುಂಬಬೇಕು, ಇಲ್ಲವೇ ಹಲ್ಲನ್ನೇ ಕೀಳಬೇಕು. ತಡ ಮಾಡಿದಷ್ಟೂ ಆಯ್ಕೆಗಳು ಕಡಿಮೆಯಾಗಿ ಖರ್ಚು ಹೆಚ್ಚುತ್ತದೆ ಎಂಬ ಲೆಕ್ಕ ಕಾಮರ್ಸ್ ವಿಭಾಗದವರಿಗೆ ಬೇಗ ಅರ್ಥವಾದೀತು.

ಹಾಗಾದರೆ ಏನೂ ಕೊರೆಯದೆ, ತುಂಬದೆ ಬಿಟ್ಟರೆ? ಈ ಪ್ರಶ್ನೆಯನ್ನೇ ಇಟ್ಟುಕೊಂಡು ಬ್ರಿಟನ್ನಿನಲ್ಲಿ ಒಂದು ದೊಡ್ಡ ಪ್ರಯೋಗ ನಡೆದು, ಅದರ ಫಲಿತಾಂಶ 2020ರಲ್ಲಿ ಬಂತು. ಮೂರರಿಂದ ಏಳು ವರ್ಷದ 1,144 ಮಕ್ಕಳು, ಎಲ್ಲರಿಗೂ ಹುಳುಕು ಇತ್ತು, ಆದರೆ ನೋವು-ಕೀವು ಇನ್ನೂ ಇರಲಿಲ್ಲ. ಒಂದು ಗುಂಪಿಗೆ ಕೊರೆದು ಫಿಲ್ಲಿಂಗ್, ಎರಡನೆಯದಕ್ಕೆ ಹಾಲ್ ಕ್ಯಾಪಿನಂತೆ ಹುಳುಕನ್ನು ಮುಚ್ಚುವ ವಿಧಾನ, ಮೂರನೆಯದಕ್ಕೆ ತಡೆಗಟ್ಟುವ ಕ್ರಮಗಳು ಮಾತ್ರ. ಸುಮಾರು ಮೂರು ವರ್ಷದ ಅವಧಿಯಲ್ಲಿ ನೋವು ಅಥವಾ ಸೋಂಕು ಕಂಡದ್ದು ಮೊದಲ ಗುಂಪಿನಲ್ಲಿ ಶೇ. 42, ಎರಡರಲ್ಲಿ ಶೇ. 40, ಮೂರರಲ್ಲಿ ಶೇ. 45. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಈ ಅಂಕಿಗಳನ್ನು ಅಜ್ಜಿಗೆ ತೋರಿಸುವ ಮೊದಲು ಎರಡು ವಿಷಯ ಗಮನಿಸಿ. ಮೂರನೇ ಗುಂಪಿನ ಮಕ್ಕಳನ್ನು ಯಾರೂ ಸುಮ್ಮನೆ ಬಿಟ್ಟಿರಲಿಲ್ಲ. ಅವರಿಗೆ ಫ್ಲೋರೈಡ್ ಹಚ್ಚುತ್ತಿದ್ದರು, ಹಲ್ಲುಜ್ಜುವುದು ಮತ್ತು ಆಹಾರದ ಬಗ್ಗೆ ತಾಯ್ತಂದೆಯರಿಗೆ ತಿಳಿಹೇಳುತ್ತಿದ್ದರು, ಮತ್ತೆ ಮತ್ತೆ ಕರೆಸಿ ನೋಡುತ್ತಿದ್ದರು. ಅಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆ ಸರ್ಕಾರದ ವತಿಯಿಂದ ಉಚಿತ. ನಮ್ಮಲ್ಲಿ "ಬಿಡೋಣ" ಎಂದರೆ ನೋವು ಬರುವ ತನಕ ಆ ಕಡೆ ತಲೆ ಹಾಕುವುದಿಲ್ಲ ಎಂದೇ ಅರ್ಥ. ಎರಡಕ್ಕೂ ಅಜಗಜಾಂತರ. ಇನ್ನೊಂದು, ಯಾವ ವಿಧಾನ ಅನುಸರಿಸಿದರೂ ಹತ್ತರಲ್ಲಿ ನಾಲ್ಕು ಮಕ್ಕಳಿಗೆ ತೊಂದರೆ ಬಂದೇ ಬಂತು. ತೂತು ಮುಚ್ಚಿದರೆ ಕೆಲಸ ಮುಗಿಯಿತು ಎಂದುಕೊಂಡು ಮನೆಯ ಅಭ್ಯಾಸ ಹಾಗೆಯೇ ಮುಂದುವರಿದರೆ ಪಕ್ಕದ ಹಲ್ಲು ಹುಳುಕಾಗುತ್ತದೆ.

ಹೀಗಾಗಿ ನನ್ನ ಲೆಕ್ಕ ಇಷ್ಟು. ಹಲ್ಲು ವರ್ಷದೊಳಗೆ ಬೀಳುವುದಾದರೆ, ನೋವಿಲ್ಲದಿದ್ದರೆ, ಕಾಯಬಹುದು. ಹುಳುಕು ಗಟ್ಟಿಯಾಗಿ ನಿಂತಿದೆ ಎಂದು ದಂತವೈದ್ಯರು ನೋಡಿ ಹೇಳಿದ್ದರೂ ಕಾಯಬಹುದು, ಆಗಾಗ ತೋರಿಸುತ್ತಾ. ಮೂರು ವರ್ಷದ, ಕುರ್ಚಿಯಲ್ಲಿ ಕೂರಲೊಪ್ಪದ ಮಗುವಾದರೆ ಬೆಳ್ಳಿ ದ್ರಾವಣ ಹಚ್ಚಿಸಿ ಒಂದೆರಡು ವರ್ಷ ಗೆಲ್ಲಬಹುದು. ಐದಾರು ವರ್ಷಕ್ಕೆ ಅದೇ ಮಗು ಬಾಯಿ ತೆರೆದು ಕೂರುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟು ಎಲ್ಲ ಹಲ್ಲುಗಳನ್ನು ಒಮ್ಮೆಗೇ ಸರಿಪಡಿಸುವ ಮಾತು ಬಂದರೆ ಇಂಥ ನಡುದಾರಿ ಇದೆಯೇ ಎಂದು ಕೇಳುವುದು ತಪ್ಪಲ್ಲ. ಆದರೆ ಹಲವು ಹಲ್ಲುಗಳಲ್ಲಿ ಕೀವಾಗಿ ಮಗು ಊಟ-ನಿದ್ದೆ ಬಿಟ್ಟಿದ್ದರೆ ಅದೇ ಸರಿಯಾದ ದಾರಿಯಾಗಿರಬಹುದು. ಚಿಕ್ಕ ವಯಸ್ಸು, ಹಿಂದಿನ ದವಡೆ ಹಲ್ಲು, ಹರಡುತ್ತಿರುವ ಹುಳುಕು ಈ ಮೂರೂ ಸೇರಿದರೆ ಕಾಯಬೇಡಿ. ಹೃದಯದಲ್ಲಿ ರಂಧ್ರವಿರುವ, ಅಥವಾ ರೋಗನಿರೋಧಕ ಶಕ್ತಿ ಕುಂದಿಸುವ ಔಷಧ ತೆಗೆದುಕೊಳ್ಳುತ್ತಿರುವ ಮಕ್ಕಳ ವಿಷಯವೇ ಬೇರೆ. ಅವರ ಹಲ್ಲಿನ ಸೋಂಕು ರಕ್ತದ ಮೂಲಕ ಹೋಗಿ ಅಪಾಯ ಮಾಡಬಹುದು, ಅವರ ವೈದ್ಯರಿಗೂ ದಂತವೈದ್ಯರಿಗೂ ಇಬ್ಬರಿಗೂ ತಿಳಿಸಿ.

ಮನೆಯಲ್ಲಿ ಆಗಬೇಕಾದ್ದು

ಸಕ್ಕರೆಯ ಒಟ್ಟು ಪ್ರಮಾಣದಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಎಷ್ಟು ಸಲ ತಿನ್ನುತ್ತೇವೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಪ್ರತಿ ಸಲವೂ ಪಿಎಚ್ ಒಮ್ಮೆ ಬೀಳುತ್ತದೆ. ಗಲ್ಫ್‌ನಿಂದ ಬಂದ ಚಾಕಲೇಟನ್ನು ಊಟವಾದ ಮೇಲೆ ಒಮ್ಮೆಗೇ ತಿಂದು ಮುಗಿಸುವುದು, ದಿನವಿಡೀ ಒಂದೊಂದೇ ಚೀಪುವುದಕ್ಕಿಂತ ಹಲ್ಲಿಗೆ ಒಳ್ಳೆಯದು. ಚಹಾದಲ್ಲಿ ಅದ್ದಿದ ಬಿಸ್ಕತ್ತು ಚಾಕಲೇಟಿಗಿಂತ ಸಾಧು ಎಂದು ಭಾವಿಸಬೇಡಿ. ಅದು ಹಲ್ಲಿನ ಸಂದಿಗೆ ಅಂಟಿ ಕೂರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಗುವನ್ನು ಮಲಗಿಸುವುದು. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ, ತೊಳೆಯುವವರೇ ಇಲ್ಲ. ಒಂದೂವರೆ-ಎರಡು ವರ್ಷದ ಮಕ್ಕಳ ಮೇಲಿನ ನಾಲ್ಕು ಮುಂಹಲ್ಲುಗಳು ಕರಗಿ ಕಂದು ಬುಡ ಮಾತ್ರ ಉಳಿದಿರುವುದು ಹೆಚ್ಚಾಗಿ ಹೀಗೆಯೇ. ರಂಝಾನಿನಲ್ಲಿ ದೊಡ್ಡವರ ಜೊತೆ ಇಫ್ತಾರಿಗೆ ಕೂತು ಶರಬತ್ತು ಕುಡಿದ ಮಗು ತರಾವೀಹ್ ಮುಗಿಯುವ ಮೊದಲೇ ಹಲ್ಲುಜ್ಜದೆ ಮಲಗಿಬಿಟ್ಟಿರುತ್ತದೆ. ಆ ತಿಂಗಳು ಮಗುವಿನ ಹಲ್ಲುಜ್ಜುವ ಕೆಲಸವನ್ನು ಇಫ್ತಾರಿನ ಹಿಂದೆಯೇ ಇಟ್ಟುಕೊಂಡರೆ ಸುಲಭ.

ಬಾಯಿಯ ಶುಚಿತ್ವಕ್ಕೆ ನಮ್ಮ ದೀನಿನಲ್ಲಿ ಎಂಥ ಸ್ಥಾನವಿದೆ ಎಂದು ಈ ಕಾಲೇಜಿನಲ್ಲಿ ಬೇರೆಯಾಗಿ ಹೇಳಬೇಕಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಮಿಸ್ವಾಕನ್ನು ಎಷ್ಟು ಒತ್ತಿ ಹೇಳಿದರೆಂದು ಮದ್ರಸದ ಮಕ್ಕಳಿಗೂ ಗೊತ್ತು. ದೊಡ್ಡವರು ಮಿಸ್ವಾಕ್ ಚೆನ್ನಾಗಿ ಬಳಸಿದರೆ ಹಲ್ಲಿನ ಮೇಲಿನ ಪಾಚಿ ಹೋಗುತ್ತದೆ. ಪುಟ್ಟ ಮಗುವಿನ ಹಿಂದಿನ ದವಡೆ ಹಲ್ಲಿನ ಗೀರುಗಳಿಗೆ ಕಡ್ಡಿ ತಲುಪುವುದು ಕಷ್ಟ. ಅಲ್ಲಿಗೆ ಮೃದುವಾದ ಬ್ರಷ್ಷೂ ಫ್ಲೋರೈಡ್ ಪೇಸ್ಟೂ ಬೇಕು. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಬೇಡ. ಟ್ಯೂಬಿನ ಮೇಲೆ ಫ್ಲೋರೈಡ್ ಪ್ರಮಾಣ ಓದಿ, ಸುಮಾರು 1000 ಪಿಪಿಎಂ ಇರಲಿ. ಉಜ್ಜಿದ ಮೇಲೆ ಉಗುಳಿದರೆ ಸಾಕು, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ಚರಂಡಿಗೆ ಹೋಗುತ್ತದೆ. ಏಳೆಂಟು ವರ್ಷದವರೆಗೆ ಮಗು ತಾನೇ ಚೆನ್ನಾಗಿ ಉಜ್ಜಲಾರದು. ರಾತ್ರಿಯದನ್ನಾದರೂ ದೊಡ್ಡವರು ಉಜ್ಜಿಸಬೇಕು. ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದ್ದು ಹಲ್ಲು, ಮೂಳೆ ಕೆಟ್ಟಿರುವ ಸುದ್ದಿ ಓದಿ ಕೆಲವರು ಪೇಸ್ಟಿಗೂ ಹೆದರುತ್ತಾರೆ. ಅಂಥ ಊರಿನವರು ವೈದ್ಯರನ್ನು ಕೇಳಿಯೇ ಬಳಸಲಿ. ಅಕ್ಕಿ ಕಾಳಿನಷ್ಟು ಪೇಸ್ಟಿಗೂ ವರ್ಷಗಟ್ಟಲೆ ಅಂಥ ನೀರು ಕುಡಿಯುವುದಕ್ಕೂ ಹೋಲಿಕೆ ಇಲ್ಲ.

ನೋವು ಬಂದಾಗ ಮಾಡಬಾರದ ಕೆಲವು ಕೆಲಸಗಳಿವೆ. ಹಲ್ಲಿನ ಮೇಲೆ ಮಾತ್ರೆ ಪುಡಿ ಮಾಡಿ ಇಡಬೇಡಿ, ವಸಡು ಸುಡುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಒಂದೆರಡು ದಿನದ ಮಟ್ಟಿಗೆ ಸರಿ. ಹೊಗೆಸೊಪ್ಪಿನ ಪುಡಿ ತಿಕ್ಕುವುದು ಬೇಡವೇ ಬೇಡ. ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ಕುಡಿಸಿದರೆ ಬಾವು ಇಳಿಯಬಹುದು, ಹಲ್ಲಿನೊಳಗಿನ ಸೋಂಕಿನ ಮೂಲ ಹಾಗೇ ಉಳಿದು ತಿಂಗಳೊಳಗೆ ಮತ್ತೆ ಬರುತ್ತದೆ. ಕೆನ್ನೆ ಊದಿ ಜ್ವರ ಬಂದರೆ, ಊತ ಕಣ್ಣಿನ ಕಡೆಗೋ ದವಡೆಯ ಕೆಳಗೋ ಹರಡಿದರೆ, ಮಗುವಿಗೆ ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲೆಂದು ಕಾಯಬೇಡಿ. ಅದು ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಎಲ್ಲಿಗೆ ಹೋಗುವುದು ಎಂದರೆ, ನಮ್ಮ ಜಿಲ್ಲೆಯವರು ಈ ವಿಷಯದಲ್ಲಿ ಅದೃಷ್ಟವಂತರು. ದೇರಳಕಟ್ಟೆಯ ಯೆನೆಪೋಯ ಮತ್ತು ಎ.ಬಿ. ಶೆಟ್ಟಿ ದಂತ ಕಾಲೇಜುಗಳು, ಮಂಗಳೂರಿನ ಮಣಿಪಾಲ ದಂತ ಕಾಲೇಜು, ಸುಳ್ಯದ ಕೆ.ವಿ.ಜಿ. ದಂತ ಕಾಲೇಜು ಎಲ್ಲವೂ ಬಸ್ಸಿನ ದೂರದಲ್ಲಿವೆ. ಹಲ್ಲಿನ ಆಸ್ಪತ್ರೆಗೆ ಹೋದಾಗ ಮಕ್ಕಳ ದಂತ ವಿಭಾಗ ಎಲ್ಲಿದೆ ಎಂದು ಕೇಳಿ. ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹಲ್ಲನ್ನೂ ನೋಡುತ್ತದೆ. ಅವರು ಚೀಟಿ ಕೊಟ್ಟಿದ್ದರೆ ಅದನ್ನು ಎತ್ತಿಟ್ಟುಕೊಳ್ಳಿ.

ಕುರ್ಚಿಯ ಪಕ್ಕ ನಿಂತಾಗ ಸಂಕೋಚಪಡದೆ ಕೇಳಬೇಕಾದದ್ದು ಇಷ್ಟು. ಸರ್, ಇದು ಹಾಲುಹಲ್ಲೋ ಶಾಶ್ವತ ಹಲ್ಲೋ? ಬೀಳಲು ಎಷ್ಟು ವರ್ಷ ಇದೆ? ಹುಳುಕು ನರಕ್ಕೆ ತಲುಪಿದೆಯೇ, ಎಕ್ಸ್-ರೇ ಬೇಕೇ? ಎರಡು ದವಡೆ ಹಲ್ಲುಗಳ ನಡುವಿನ ಹುಳುಕು ಎಕ್ಸ್-ರೇ ಇಲ್ಲದೆ ಎಷ್ಟೋ ಸಲ ಕಾಣುವುದೇ ಇಲ್ಲ, ಆದ್ದರಿಂದ ಅವರು ತೆಗೆಸಿ ಎಂದರೆ ಅನುಮಾನಪಡಬೇಡಿ. ಕೊರೆಯದೆ ಬೆಳ್ಳಿ ದ್ರಾವಣ ಅಥವಾ ಕ್ಯಾಪಿನಿಂದ ಆಗುತ್ತದೆಯೇ? ಈಗ ಏನೂ ಮಾಡದಿದ್ದರೆ ಯಾವ ಲಕ್ಷಣ ಕಂಡಾಗ ಓಡಿ ಬರಬೇಕು? ಮತ್ತೆ ಯಾವಾಗ ತೋರಿಸಬೇಕು? ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಅಥವಾ ಆರು ತಿಂಗಳು ಎಂಬ ಉತ್ತರ ಬರುತ್ತದೆ. ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಅಲಾರಂ ಇಡುವ ಕೆಲಸ ನಿಮ್ಮದೇ ಇರಲಿ.